ಶುಕ್ರವಾರದ ಪಬ್ಬಿನಲ್ಲಿ ನನ್ನ ಸರದಿ

ಮಕ್ಕಳೇ, ನಿಮ್ಮಜ್ಜಿ ಪಬ್ಬಿಗೆ ಹೋಗುತ್ತಿದ್ದಳು ಎಂದು ನಿಮ್ಮಪ್ಪ ನಗೆಯಾಡುತ್ತಾನಲ್ಲ, ಅದು ನಿಜ. ಹೇಗೆಂದು ನಾನೇ ಬರೆದಿಡುತ್ತೇನೆ.

ನಿಮ್ಮ ತಾತ ತೀರಿಕೊಂಡಾಗ ನಾವು ಲಂಡನ್ನಿನ ಅಂಚಿನಲ್ಲಿ, ಥೇಮ್ಸ್ ದಡದ ಕಿಂಗ್‌ಸ್ಟನ್ನಿನಲ್ಲಿದ್ದೆವು. ಒಂದು ಯೂನಿವರ್ಸಿಟಿ, ಒಂದು ಸಂತೆಬೀದಿ, ತಿರುವಿಗೊಂದು ಪಬ್ಬು. ನಾನು ವಿದ್ಯಾರ್ಥಿಗಳ ಕ್ಯಾಂಟೀನೊಂದರಲ್ಲಿ ಪಾತ್ರೆ ತೊಳೆಯಲು ಸೇರಿದೆ. ನಿಮ್ಮಪ್ಪ ಶಾಲೆಯಿಂದ ಬಂದು ಕೋಣೆ ಸೇರಿದರೆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಹೆಡ್ ಕುಕ್ ಸೇರಿ ಕ್ಯಾಂಟೀನಿನ ಅಡುಗೆಮನೆಯ ಐವರೊಂದಿಗೆ ಆಡಿದ್ದಷ್ಟೇ ನನ್ನ ದಿನದ ಮಾತು.

ಶುಕ್ರವಾರ ಕೆಲಸ ಮುಗಿಸಿ ಅವರೆಲ್ಲ ಎದುರಿನ ಪಬ್ಬಿಗೆ ಹೋಗುತ್ತಿದ್ದರು. ನನ್ನನ್ನೂ ಕರೆದರು. ನಮ್ಮೂರಲ್ಲಿ ಹೆಂಗಸರು ಹೆಂಡದಂಗಡಿಯ ಮುಂದೆ ತಲೆ ಎತ್ತಿ ನಡೆಯುತ್ತಿರಲಿಲ್ಲ. ಒಳಗೆ ಕೂತದ್ದಕ್ಕೇ ಬೆವರಿದೆ. ಯಾರೋ ಕಿತ್ತಳೆ ರಸ ತಂದಿಟ್ಟರು. ಮರುವಾರ ಇನ್ನೊಬ್ಬರು ತಂದರು. ಕರೆದವರು ಸತ್ಕಾರ ಮಾಡುತ್ತಾರೆ ಎಂದುಕೊಂಡು ನಾಲ್ಕೈದು ವಾರ ಸುಮ್ಮನೆ ಕುಡಿದೆ.

ಆಮೇಲೊಂದು ಶುಕ್ರವಾರ ಯಾರೂ ಕರೆಯಲಿಲ್ಲ. ಅದರ ಮುಂದಿನ ವಾರವೂ.

ಆ ಐವರಲ್ಲಿ ಒಬ್ಬರು ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು, ನನಗಿಂತ ಹಿರಿಯರು. ಅವರನ್ನೇ ಕೇಳಿದೆ. "ಅಕ್ಕ, ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಷ್ಟು ವಾರದಲ್ಲಿ ಒಮ್ಮೆಯಾದ್ರೂ ನೀನು ಎದ್ದು ಎಲ್ಲರಿಗೂ ತಂದು ಕೊಟ್ಟದ್ದುಂಟಾ ಮಾರಾಯ್ತಿ?"

"ಅವ್ರೇ ಕರ್ಕೊಂಡೋದ್ರಲ್ಲ ಅಂತ..."

"ಇಲ್ಲಿ ನೆಂಟರು ಅಂತ ಯಾರೂ ಇಲ್ಲ. ಒಬ್ಬೊಬ್ಬರದ್ದು ಒಂದೊಂದು ಸರ್ತಿ. ನಿನ್ನ ಸರ್ತಿಗೆ ನೀನು ಗೋಡೆ ನೋಡ್ತಾ ಕೂತ್ರೆ ಅವರೆಂತ ತಿಳ್ಕೊಳ್ಬೇಕು?"

"ಮೊದ್ಲೇ ಹೇಳಬಾರ್ದಿತ್ತಾ?"

"ಬಿಯರ್ ಮುಟ್ಟಿದ್ರೆ ಮನೆಗೆ ಹೋಗಿ ತಲೆಗೆ ಸ್ನಾನ ಮಾಡ್ತಿಯೇನೋ ಅಂತ ಸುಮ್ಮನಾದೆ."

ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಹೋಗುವ ವಾಡಿಕೆಯಿತ್ತು. ಅವರು ನಮ್ಮ ಗದ್ದೆಗೆ ಇಳಿದರೆ ನಾವು ಅವರ ಗದ್ದೆಗೆ ಇಳಿಯಬೇಕು. ಇಳಿಯದವರನ್ನು ಯಾರೂ ಬೈಯುವುದಿಲ್ಲ, ಮತ್ತೆ ಕರೆಯುವುದಿಲ್ಲ ಅಷ್ಟೇ. ಇದೂ ಅದೇ ಎಂದು ತಿಳಿದ ಮೇಲೆ ಹೆದರಿಕೆಯೇನೂ ಹೋಗಲಿಲ್ಲ, ಆದರೆ ಸುಮ್ಮನಿರಲೂ ಆಗಲಿಲ್ಲ.

ಆ ಶುಕ್ರವಾರ ಕರೆಯದಿದ್ದರೂ ಅವರ ಹಿಂದೆಯೇ ಹೋಗಿ ನೇರ ಕೌಂಟರಿಗೆ ನಡೆದೆ. ಅಲ್ಲಿ ಕ್ಯೂ ಇರಲಿಲ್ಲ. ಒಬ್ಬ ದಪ್ಪ ಮನುಷ್ಯನ ಬೆನ್ನ ಹಿಂದೆ ನಿಂತು ಕಾದೆ. ಅವನೋ ಸುಮ್ಮನೆ ಹರಟುತ್ತ ನಿಂತವನು. ಆಮೇಲೆ ಬಂದವರೆಲ್ಲ ಪಕ್ಕದಿಂದ ಮುಂದೆ ನುಗ್ಗಿ ತಮ್ಮದನ್ನು ತೆಗೆದುಕೊಂಡು ಹೋದರು. ವಾಪಸು ಹೋಗಿಬಿಡೋಣ ಅನ್ನಿಸಿತು. ಹೋದರೆ ಮತ್ತೆ ಬರಲಾರೆ ಎಂದೂ ಗೊತ್ತಿತ್ತು. ಅವನನ್ನು ಬಳಸಿ ಮುಂದೆ ಹೋಗಿ ಎರಡೂ ಕೈಗಳನ್ನು ಕೌಂಟರಿನ ಮೇಲಿಟ್ಟೆ.

ಯಾರಿಗೆ ಏನು ಎಂಬುದು ಅಷ್ಟು ವಾರ ನೋಡಿ ನೋಡಿ ಬಾಯಿಪಾಠವಾಗಿತ್ತು. ಬಿಯರಿನಲ್ಲಿ ಮೂರು ಬಿಟರ್, ಒಂದು ಲಾಗರ್, ಅಕ್ಕನಿಗೆ ನಿಂಬೆ ಸೋಡಾ ಬೆರೆಸಿದ ಅರ್ಧ ಪಿಂಟ್ ಶ್ಯಾಂಡಿ, ನನಗೆ ಕಿತ್ತಳೆ ರಸ. ಮೊದಲ ಸಲ ಧ್ವನಿ ಏಳಲಿಲ್ಲ. ಎರಡನೇ ಸಲ ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

ಎರಡು ಸಲ ಹೊತ್ತು ತಂದು ಮೇಜಿನ ಮೇಲಿಟ್ಟೆ. ಕೈಯೆಲ್ಲ ನೊರೆ. ಹೆಡ್ ಕುಕ್ ಒಂದು ಗುಟುಕು ಕುಡಿದು, ಬೆಂಚಿನಲ್ಲಿ ಸರಿದು ಜಾಗ ಮಾಡಿದ.

"ಈಗಲೇ ಕೈ ತೊಳೀಲಿಕ್ಕೆ ಓಡ್ಬೇಡ, ಕೂತ್ಕೊ" ಎಂದರು ಅಕ್ಕ.

ಕೂತೆ.

ಮುಂದಿನ ಶುಕ್ರವಾರ ಸಿಂಕಿನಲ್ಲಿ ಇನ್ನೂ ತಟ್ಟೆಗಳಿದ್ದವು. ಹೆಡ್ ಕುಕ್ ಬಾಗಿಲವರೆಗೆ ಹೋದವನು ತಿರುಗಿ ಬಂದು, ಒಂದು ಬಟ್ಟೆ ಎತ್ತಿಕೊಂಡು, ನಾನು ತೊಳೆದಿಟ್ಟದ್ದನ್ನು ಒರೆಸತೊಡಗಿದ. ಉಳಿದವರು ಕೋಟು ಹಾಕಿಕೊಂಡು ನಮ್ಮಿಬ್ಬರಿಗಾಗಿ ಕಾಯುತ್ತಿದ್ದರು.