ಹಿಮ್ಮುಖ ಹೆಜ್ಜೆ

ನಮ್ಮ ಜುಲ್ಮೀರ ಚಿಕ್ಕಮ್ಮನಿಗೆ ಅಮೆಜಾನ್ ನದಿಯ ಮೇಲೂ ಅನುಮಾನ. ನೀರೇ ದೋಣಿ ಕದ್ದೊಯ್ಯುತ್ತದೆಂದು ಎರಡೆರಡು ಹಗ್ಗ ಬಿಗಿಯುವವಳು ಅವಳು.

ಅಂದು ಮಧ್ಯಾಹ್ನ ಮೋಡ ಕವಿದು ಎಲೆಯೂ ಅಲುಗದಂಥ ಸೆಕೆ. ಕಾಡಿನೊಳಗಿಂದ ಧಬ್, ಧಬ್ ಎಂದು ಸದ್ದು ಬಂತು. ಇಲ್ಲಿಯ ಮಣ್ಣಿನ ಸಾರವೆಲ್ಲ ಮೇಲ್ಪದರದಲ್ಲೇ. ಹಾಗಾಗಿ ದೊಡ್ಡ ಮರಗಳು ಸುತ್ತಲೂ ಗೋಡೆಯಂಥ ಬೇರು ಹರಡಿ ನಿಲ್ಲುತ್ತವೆ. ದಾರಿ ತಪ್ಪಿದವರು ಆ ಬೇರು ಬಡಿದು ಸುದ್ದಿ ಮುಟ್ಟಿಸುತ್ತಾರೆ. ಆದರೆ ಮಳೆಗೆ ಮುಂಚೆ, ಮರ ಗಾಳಿ ತಡೆದೀತೇ ಎಂದು ಕಾಡಿನೊಡೆಯ ಭೂತ ಕುರುಪಿರನೂ ಬಡಿದು ನೋಡುತ್ತಾನೆ. ಅವನ ಪಾದಗಳು ಹಿಂದುಮುಂದು: ಹಿಮ್ಮಡಿ ಮುಂದೆ, ಬೆರಳು ಹಿಂದೆ.

“ಚಿಕ್ಕಪ್ಪ ಇರಬಹುದು. ಕಾಯಿ ಆರಿಸೋಕೆ ಹೋದೋರು ಇನ್ನೂ ಬಂದಿಲ್ಲ,” ಎಂದೆ.

“ಸುಮ್ನಿರೇ! ನಮ್ಮೋರ ವೇಷ ಹಾಕಿ ಹಂಗೆ ಕರೆಯೋದೇ ಅವನ ಆಟ.”

ಚಿಕ್ಕಮ್ಮ ಕುರುಪಿರನಿಗೆಂದು ಹೊಗೆಸೊಪ್ಪನ್ನು ಎಲೆಯಲ್ಲಿ ಸುತ್ತಿ ಕಾಲುದಾರಿಯಲ್ಲಿಟ್ಟು ಬಂದು, ಬಾಗಿಲಿನ ಅಗುಳಿ ಹಾಕಿದಳು.

ಮಳೆ ನಿಂತ ಮೇಲೆ ಯಾರೋ ಬಾಗಿಲು ಬಡಿದರು. ಚಿಕ್ಕಮ್ಮ ಸಂದಿಯಿಂದ ಇಣುಕಿದಳು. ಹಿತ್ತಲ ದಿಬ್ಬದ ಕೆಸರಿನಲ್ಲಿ ಹೆಜ್ಜೆಗಳೆಲ್ಲ ಕಾಡಿನ ಕಡೆಗೇ ಮುಖ ಮಾಡಿದ್ದವು.

“ಯಾರೋ ನೀನು?”

“ನಿನ್ನ ಗಂಡ ಕಣೇ! ಬೇರು ಬಡಿದು ಬಡಿದು ಕೈ ಊದಿದೆ, ತೆಗಿ.”

“ಹೆಜ್ಜೆ ಯಾಕೆ ತಿರುಗಿವೆ?”

“ದಿಬ್ಬ ಜಾರ್ತಿತ್ತು. ಬೆನ್ನಿಗೆ ಬೇರೆ ಬುಟ್ಟಿ. ಏಣಿ ಇಳಿದ ಹಂಗೆ ಹಿಂದ್ಹಿಂದಕ್ಕೆ ಇಳಿದೆ.”

ಚಿಕ್ಕಮ್ಮನ ಕೈ ಅಗುಳಿಯವರೆಗೆ ಹೋಗಿ ನಿಂತಿತು.

“ಕೆನ್ನೆ ಯಾಕೆ ಉಬ್ಬಿದೆ?”

“ಹೊಗೆಸೊಪ್ಪು. ದಾರೀಲಿ ಸಿಕ್ತು.”

ಚಿಕ್ಕಮ್ಮ ಎರಡನೆಯ ಅಗುಳಿಯನ್ನೂ ಹಾಕಿದಳು.