ಹಿತ್ತಿಲ ಹಸಿರುಮನೆಯೊಳಗೆ ಅಮ್ಮನ ಬಸಳೆ

ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ನನಗೆ ಆಗುವುದಿಲ್ಲ. ಹಾಗಿರುವಾಗ ಮಣ್ಣಗುಡ್ಡದ ನಮ್ಮ ಮನೆಯ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಪಕ್ಕದಲ್ಲೇ, ಒಂದು ಇಡೀ ಪ್ಲಾಸ್ಟಿಕ್ ಕೋಣೆ ಎದ್ದು ನಿಂತದ್ದು ನನ್ನ ಗಂಡನ ಕೃಪೆ. ಅವರು ಅದನ್ನು ಹಸಿರುಮನೆ ಎನ್ನುತ್ತಿದ್ದರು. ನಾನು ಇವತ್ತಿಗೂ ಅದನ್ನು ಮನೆ ಎಂದು ಕರೆಯುವುದಿಲ್ಲ.

ಆ ಜಾಗದಲ್ಲಿ ಮೊದಲು ಇದ್ದದ್ದು ಬಸಳೆ ಚಪ್ಪರ. ಆ ಬಸಳೆ ನನ್ನ ಅಮ್ಮನದು. ಅಮ್ಮ ಹೋದ ಮೇಲೆ ಬಜಪೆಯ ತವರುಮನೆ ಮಾರಾಟವಾಯಿತು. ಕೊನೆಯ ಸಲ ಅಲ್ಲಿಗೆ ಹೋದಾಗ ಅವಳು ನೆಟ್ಟ ಬಳ್ಳಿಯಿಂದ ಒಂದು ಹಿಡಿ ದಂಟು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಅಕ್ಕಂದಿರು ಪಾತ್ರೆ ಪಗಡ ಹಂಚಿಕೊಂಡರು, ನನಗೆ ಬೇಕಾಗಿದ್ದದ್ದು ಇದೊಂದೇ. ಬಟ್ಟೆ ಒಗೆದ ನೀರು ಕುಡಿದು ಅದು ಚಪ್ಪರ ತುಂಬಿತು. ಬಸಳೆ ಕೊಯ್ದ ದಿನ ಒಂದು ಹಿಡಿಯನ್ನು ಕಂಪೌಂಡ್ ಗೋಡೆಯಾಚೆ ದಾಟಿಸದೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಎಲೆ ಅನ್ನದ ಜೊತೆಯ ಪದಾರ್ಥಕ್ಕೆ, ದಪ್ಪ ದಂಟು ನೆಡುವುದಕ್ಕೆ. ನಾನೂ ಹಾಗೆಯೇ ಪಕ್ಕದ ಮನೆಯ ಬಾಯಮ್ಮನಿಗೆ ಕೊಡುತ್ತಿದ್ದೆ. ನರ್ಸಾಗಿ ನಿವೃತ್ತರಾದ ಕೊಂಕಣಿ ಕ್ರೈಸ್ತ ಮನೆಯ ಹೆಂಗಸು ಅವರು.

ಗಂಡ ಗಲ್ಫಿನಲ್ಲಿ ಏಸಿ ಕೆಲಸದಲ್ಲಿದ್ದವರು. ದೊಡ್ಡ ಕಟ್ಟಡಗಳಲ್ಲಿ ತಂಪು ಗಾಳಿ ಹೋಗುವ ಕೊಳವೆಗಳು ಎಲ್ಲಿ ಸೋರುತ್ತವೆ ಎಂದು ಹುಡುಕಿ, ಬೆಳ್ಳಿ ಬಣ್ಣದ ಟೇಪು ಸುತ್ತುವುದೇ ಅವರ ಕಸುಬು. ಗಾಳಿ ಸೋರಿದರೆ ಕರೆಂಟು ದಂಡ ಎನ್ನುವುದು ಅವರಿಗೆ ವೇದವಾಕ್ಯ. ಊರಿಗೆ ಬಂದು ಕೂತ ಮೇಲೆ ಕೈ ತುರಿಸುತ್ತಿತ್ತು. ಆಗ ಮೊಬೈಲಿನಲ್ಲಿ ಹಿಮ ಬೀಳುವ ಯಾವುದೋ ದೇಶದವನ ವಿಡಿಯೋ ಸಿಕ್ಕಿತು. ಕರೆಂಟೇ ಬೇಡದ ಹಸಿರುಮನೆ, ಒಳಗೆ ಕಪ್ಪು ಬಣ್ಣ ಬಳಿದ ನೀರಿನ ಡ್ರಮ್ಮುಗಳು. ಹಗಲು ಅವು ಬಿಸಿಲಿಗೆ ಕಾಯುತ್ತವಂತೆ, ರಾತ್ರಿ ಆ ಬಿಸಿಯನ್ನು ಗಿಡಗಳಿಗೆ ಕೊಡುತ್ತವಂತೆ.

ರಾತ್ರಿ ಬಿಸಿ ಬೇಕೆಂದು ಅತ್ತ ಗಿಡವನ್ನು ನಾನು ಮಂಗಳೂರಿನಲ್ಲಿ ಕಂಡಿಲ್ಲ. ಇಲ್ಲಿ ಮನುಷ್ಯರೇ ಫ್ಯಾನು ಜೋರಾಗಿಟ್ಟು ಬರಿ ನೆಲದ ಮೇಲೆ ಮಲಗುತ್ತಾರೆ.

“ಇಲ್ಲಿ ಬಿಸಿ ಎಂತಕ್ಕೆ ಮಾರಾಯ್ರೆ?” ಎಂದು ಕೇಳಿದೆ.

“ನಿನಗೆ ಗೊತ್ತಾಗುದಿಲ್ಲ. ಎನರ್ಜಿ ಸೇವಿಂಗ್ ಅಂದ್ರೆ ಎಲ್ಲ ಊರಿಗೂ ಒಂದೇ.”

“ಹಾಗಾದ್ರೆ ನನ್ನ ಬಸಳೆ?”

“ಅದೇ ಮೊದಲು ಒಳಗೆ. ಮಳೆಗಾಲದಲ್ಲಿ ಎಲೆಗೆ ಚುಕ್ಕೆ ಬೀಳ್ತದೆ ಅಂತ ಅಳುದು ನೀನೇ ಅಲ್ವಾ?”

ಚಪ್ಪರ ಬಿಚ್ಚಿದರು. ಬಿಸಿಲು ಬೀಳುವ ಜಾಗ ಅದೊಂದೇ ಎಂಬ ನೆಪ. ಕಬ್ಬಿಣದ ಪೈಪು ನಿಲ್ಲಿಸಿ, ಎರಡು ಪದರ ಪ್ಲಾಸ್ಟಿಕ್ ಹೊದಿಸಿ, ಸಂದು ಸಂದಿಗೂ ಟೇಪು ಹಚ್ಚಿದರು. ಬಾಗಿಲಿಗೆ ಫ್ರಿಡ್ಜಿಗೆ ಇರುವಂಥ ರಬ್ಬರು. ಮಳೆ ಹಿಡಿಯುವ ಮೊದಲೇ ಬಳ್ಳಿಯನ್ನು ಬುಡದ ಮಣ್ಣಿನ ಸಮೇತ ಎತ್ತಿ ಒಳಗೆ ನೆಟ್ಟು, ಬಾಗಿಲು ಜಡಿದು, ಒಂದು ಸೆನ್ಸರ್ ತೂಗುಹಾಕಿದರು. ಒಳಗಿನ ಬಿಸಿಯೆಷ್ಟು, ತೇವವೆಷ್ಟು ಎಂದು ಅದು ಅವರ ಮೊಬೈಲಿಗೆ ಹೇಳುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಮಳೆ ಧೋ ಎನ್ನುವಾಗ ಇವರು ಎದುರಿನ ಜಗಲಿಯಲ್ಲಿ ಕಾಲು ಚಾಚಿ ಕೂತು ಹಿತ್ತಿಲನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಚಹಾ ಕೊಡಲು ಹೋದರೆ ಅದರಲ್ಲಿ ತೇವದ ಗೆರೆ ತೋರಿಸುವುದು. “ನೋಡು, ಹ್ಯುಮಿಡಿಟಿ ಹೇಗೆ ನಿಂತಿದೆ! ಸ್ವಲ್ಪವೂ ಇಳಿಯುದಿಲ್ಲ.” ಇಳಿಯದಿರುವುದೇ ಅವರಿಗೆ ಹೆಮ್ಮೆ. ಬಸಳೆ ಹೇಗಿದೆ ಎಂದು ನೋಡಿ ಬರುತ್ತೇನೆಂದರೆ ಬಿಡುತ್ತಿರಲಿಲ್ಲ, ಬಾಗಿಲು ತೆಗೆದರೆ ರೀಡಿಂಗ್ ಹಾಳಂತೆ. ಹೊರಗಿನಿಂದ ನೋಡೋಣವೆಂದರೆ ಪ್ಲಾಸ್ಟಿಕ್ಕಿನ ಒಳಮೈಗೆ ಬೆವರು ಕಟ್ಟಿ ಏನೂ ಕಾಣದು. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ ಎಂದು ನಾನು ಬಟ್ಟೆ ಒಗೆಯಲು ಹೋದೆ.

ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ನಾತ ಬಂತು. ಇಲಿ ಸತ್ತಿರಬೇಕೆಂದು ಸುತ್ತ ಹುಡುಕಿದೆ. ಇಲಿಯಲ್ಲ, ಗಾಳಿಯೂ ಸೋರದ ಆ ಕೋಣೆಯಿಂದ ನಾತ ಸೋರುತ್ತಿತ್ತು. ರೀಡಿಂಗ್ ಹಾಳಾಗಲಿ ಎಂದು ಬಾಗಿಲು ಎಳೆದೆ.

ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಡ್ರಮ್ಮುಗಳಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಪೈಪಿನ ಮೇಲೆಲ್ಲ ಬೂಷ್ಟು, ನೆಲದ ತುಂಬ ಬಸವನಹುಳಗಳು ಎಳೆದ ಜಿಗುಟು ದಾರಿ. ಬಸಳೆ ಎಲ್ಲೆಂದು ನೋಡಿದರೆ ಬಳ್ಳಿ ಹಬ್ಬಿಸಲು ಕಟ್ಟಿದ್ದ ನೂಲಿನಿಂದ ಕಪ್ಪು ಲೋಳೆ ತೊಟ್ಟಿಕ್ಕುತ್ತಿತ್ತು. ಬುಡವಾದರೂ ಉಳಿದಿದೆಯೇ ಎಂದು ಕೈ ಹಾಕಿದೆ. ಅದು ಬೆರಳ ನಡುವೆ ಕಿವುಚಿಹೋಯಿತು, ಜೊತೆಗೊಂದು ಬಸವನಹುಳವೂ. ಅಲ್ಲೇ ವಾಂತಿ ಮಾಡಿಕೊಂಡೆ. ಎಷ್ಟು ಸಾಬೂನು ಹಚ್ಚಿದರೂ ಆ ದಿನ ಕೈಯ ವಾಸನೆ ಹೋಗಲಿಲ್ಲ.

ಗಂಡ ಓಡಿ ಬಂದದ್ದು ನನ್ನನ್ನು ಹಿಡಿಯಲಿಕ್ಕಲ್ಲ, ಮೊಬೈಲಿನ ಗೆರೆ ಇಳಿಯಿತೆಂದು. ಒಳಗೆ ಇಣುಕಿ, ಮೂಗು ಮುಚ್ಚಿಕೊಂಡು ಹೇಳಿದರು, “ಎಲ್ಲಿಯೋ ಲೀಕ್ ಉಂಟು.”

ಆ ಮಾತಿಗೆ ಬಂದ ಹೇಸಿಗೆ ಆ ಲೋಳೆಗೂ ಬಂದಿರಲಿಲ್ಲ. ಅಮ್ಮನ ಬಳ್ಳಿ ಕೊಳೆತು ಕೈಗೆ ಬಂದಿದೆ, ಇವರು ಟೇಪಿನ ಉಂಡೆ ಹುಡುಕುತ್ತಿದ್ದಾರೆ.

ಕೈ ಒರೆಸಿಕೊಂಡು ನೇರ ಗೋಡೆಯ ಹತ್ತಿರ ಹೋದೆ. ಆಚೆ ಬಾಯಮ್ಮನ ಬಚ್ಚಲ ನೀರು ಹರಿಯುವಲ್ಲಿ, ನಾಲ್ಕು ಬಿದಿರ ಕೋಲಿನ ಮೇಲೆ ಬಸಳೆ ಮಳೆಗೆ ತೊಯ್ದು ನಿಂತಿತ್ತು. ಎಲೆಗೆ ಚುಕ್ಕೆಯೇನೋ ಬಿದ್ದಿತ್ತು. ನಾನು ಬಾಯಿ ಬಿಡುವ ಮೊದಲೇ ಬಾಯಮ್ಮ ಕತ್ತಿ ತಂದು ದಂಟು ಕೊಯ್ದರು.

“ನಮಗೂ ಒಂದು ಪ್ಲಾಸ್ಟಿಕ್ ಕೋಣೆ ಮಾಡಿಕೊಡ್ತೇನೆ ಅಂದಿದ್ರು ನಿಮ್ಮವರು. ನಾನು ಶಿಲುಬೆ ಗುರುತು ಮಾಡಿ ಒಳಗೆ ಹೋದೆ,” ಎಂದರು. “ಇದು ನಿಮ್ಮ ಅಮ್ಮನದ್ದೇ ಅಲ್ವಾ, ತಕೊಳ್ಳಿ.”

ಒಗೆಯುವ ಕಲ್ಲಿನ ಆಚೆ ಬದಿಗೆ ನೆಟ್ಟೆ. ಮಳೆ ಬಿಡುವ ಹೊತ್ತಿಗೆ ಚಿಗುರಿ ಕೋಲು ಹಿಡಿಯಿತು. ಮೊದಲ ಸಲ ಕೊಯ್ದ ದಿನ ಒಂದು ಹಿಡಿಯನ್ನು ಗೋಡೆಯಾಚೆ ಕೊಟ್ಟು, ಉಳಿದದ್ದಕ್ಕೆ ಒಣಸಿಗಡಿ ಹಾಕಿ, ಅಮ್ಮ ಮಾಡುತ್ತಿದ್ದ ಹಾಗೆಯೇ ಪದಾರ್ಥ ಮಾಡಿದೆ. ಕುದಿಯುವಾಗ ಅಡುಗೆಮನೆ ಬಜಪೆಯ ಅಡುಗೆಮನೆಯಂತೆಯೇ ಘಮಘಮ ಎನ್ನುತ್ತಿತ್ತು. ನನಗೆ ಅಳುವೇ ಬಂತು.

ಮೊದಲ ತುತ್ತಿಗೆ ದಂಟಿನ ಲೋಳೆ ಹಲ್ಲಿನ ನಡುವೆ ಜಾರಿತು. ಬಸಳೆಗೆ ಲೋಳೆ ಇರುವುದೇ, ಹುಟ್ಟಿದಂದಿನಿಂದ ತಿಂದಿದ್ದೇನೆ. ಆದರೆ ಬಾಯಿಯೊಳಗೆ ಆ ಕೋಣೆಯ ಬಾಗಿಲೇ ತೆರೆದ ಹಾಗಾಯಿತು. ಎದ್ದು ಹಿತ್ತಿಲಿಗೆ ಓಡಿ ಉಗಿದೆ. ಬಾಯಿ ತೊಳೆದು ಬಂದು ಇನ್ನೊಮ್ಮೆ ತಿಂದು ನೋಡಿದೆ. ಗಂಟಲಿನಲ್ಲಿ ಇಳಿಯಲೇ ಇಲ್ಲ.

“ಎಂತಾಯ್ತು? ಲಾಯ್ಕಾಗಿದೆ ಮಾರಾಯ್ತಿ,” ಎಂದರು ಗಂಡ, ಬೆರಳು ನೆಕ್ಕುತ್ತ. “ನಿನ್ನ ಅಮ್ಮನ ಕೈಯದ್ದೇ ರುಚಿ.”

ಮತ್ತೆ ನನ್ನ ತಟ್ಟೆಯಲ್ಲಿದ್ದ ದಂಟುಗಳನ್ನೂ ಒಂದೊಂದಾಗಿ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು.