ಸುಣ್ಣದಕ್ಕನ ಹುಳುಮನೆ

ಊರಿನವರು ಅವಳನ್ನು ಸುಣ್ಣದಕ್ಕ ಎಂದು ಕರೆಯತೊಡಗಿದ್ದು ಗೇಲಿಗೆ. ರೇಷ್ಮೆಹುಳುಗಳು ಮಂಚದ ಪಕ್ಕದ ತಟ್ಟೆಗಳಲ್ಲೇ ಬೆಳೆಯುತ್ತಿದ್ದ ಕಾಲದಲ್ಲಿ, ಮೂರು ದಿನದ ತರಬೇತಿಗೆ ಹೋಗಿಬಂದ ಅವಳು ಹಿತ್ತಿಲಲ್ಲಿ ಬೇರೆಯೇ ಹುಳುಮನೆ ಬೇಕೆಂದು ಹಟ ಹಿಡಿದು ಕಟ್ಟಿಸಿದಳು. ಬಾಗಿಲಲ್ಲಿ ಸುಣ್ಣದ ಪುಡಿ, ಒಳಗೆ ಹೋಗಲು ಬೇರೆ ಚಪ್ಪಲಿ, ಕೈತೊಳೆಯಲು ಔಷಧಿ ನೀರು.

"ನಮ್ಮ ಸೊಸೆ ಹುಳಕ್ಕೆ ಆಸ್ಪತ್ರೆ ಕಟ್ಸಿದ್ದಾಳೆ" ಎಂದು ಅತ್ತೆ ಕಂಡಕಂಡವರಿಗೆಲ್ಲ ಹೇಳಿದರು.

ಗಂಡನ ಬೆರಳಲ್ಲಿ ಸದಾ ನಶ್ಯ. ತಂಬಾಕು ಸೋಕಿದರೆ ಹುಳು ಉಳಿಯುವುದಿಲ್ಲವೆಂದು ಅವನಿಗೆ ಹುಳುಮನೆಯ ಹೊಸ್ತಿಲು ದಾಟಬೇಡವೆಂದಳು. ಅವನಿಗೂ ಬೇಕಾಗಿದ್ದು ಅದೇ. ಹಿಪ್ಪುನೇರಳೆ ರೆಂಬೆ ಕಡಿದು ತಂದು ಬಾಗಿಲಲ್ಲಿ ಹಾಕಿ ಹೊರಟುಬಿಡುತ್ತಿದ್ದ.

ಒಂದು ವರ್ಷ ಊರಿನ ಹುಳುಗಳೆಲ್ಲ ಊದಿಕೊಂಡು ಹಾಲಿನಂಥ ನೀರು ಸುರಿಸಿ ಸತ್ತವು. ಅವಳವು ಮಾತ್ರ ಗೂಡು ಕಟ್ಟಿದವು. ಗೇಲಿ ನಿಂತಿತು. ಒಬ್ಬೊಬ್ಬರಾಗಿ ಬಂದು ಕಲಿತರು. ಮರಿಹುಳು ಸಾಕಿಕೊಡುವ ಕೇಂದ್ರದ ಗಾಡಿ ಊರಿಗೆಲ್ಲ ಒಂದೇ ದಿನ ಹುಳು ತಂದಿಳಿಸತೊಡಗಿತು. ವರ್ಷಕ್ಕೆ ನಾಲ್ಕು ಬೆಳೆಯಿದ್ದದ್ದು ಎಂಟಾಯಿತು. ಒಂದು ಮುಗಿದು, ಹುಳುಮನೆ ತೊಳೆದು ಒಣಗಿಸುವಷ್ಟರಲ್ಲಿ ಮುಂದಿನ ಗಾಡಿ.

ಒಡಹುಟ್ಟಿದ ಅಕ್ಕನ ಫೋನು ಬಂದಾಗ ಹುಳುಗಳು ಕೊನೆಯ ಪೊರೆ ಬಿಟ್ಟು ಮೈಮರೆತು ಮೇಯುತ್ತಿದ್ದವು, ಒಂದು ಹೊತ್ತೂ ಸೊಪ್ಪು ತಪ್ಪುವಂತಿರಲಿಲ್ಲ. "ಹೊಟ್ಟೆ ಆಪರೇಷನ್ನು ಕಣೇ. ಎರಡೇ ದಿನ ಬಾ. ಕಣ್ಣು ಬಿಟ್ಟಾಗ ನೀನು ಹತ್ರ ಇರು."

ಎರಡು ದಿನ ಹುಳು ನೋಡಿಕೊಳ್ಳಲು ಗಂಡನನ್ನು ಕೇಳಿದಳು.

"ನಾನಾ? ರೆಂಬೆ ಯಾವ ಕಡೆ ತುದಿ ಮಾಡಿ ಹಾಕ್ತೀಯ ಅನ್ನೋದೂ ಗೊತ್ತಿಲ್ಲ ನಂಗೆ. ಒಳಗೆ ಬರಬೇಡ ಅಂದಿದ್ದು ನೀನೇ ಅಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಜಗಳ ತೆಗೆಯಲೂ ದಾರಿಯಿರಲಿಲ್ಲ.

ಎದುರುಮನೆಯವಳ ಬಳಿ ಓಡಿದಳು. ಹಿಂದೆ ಒಬ್ಬರ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗಿದ್ದಾಗ ಇನ್ನೊಬ್ಬರದು ಮೇಯುತ್ತಿತ್ತು, ಕೈಗೆ ಕೈ ಸಿಗುತ್ತಿತ್ತು. ಈಗ ಅವಳೂ ಸೊಪ್ಪಿನ ಹೊರೆಯಲ್ಲಿ ಮುಳುಗಿದ್ದಳು.

"ನಿಮ್ಮದೂ ನಮ್ಮದೂ ಒಂದೇ ಗಾಡೀಲಿ ಇಳಿದಿದ್ದಲ್ವಾ ಅಕ್ಕಾ? ಇಡೀ ಊರೇ ಮೇಯಿಸ್ತಿದೆ. ನಿಮ್ಮಿಂದಾನೇ ಕಲಿತವಳು, ಇಲ್ಲ ಅನ್ನೋಕೂ ನಾಚಿಕೆಯಾಗುತ್ತೆ."

ಆದರೂ ಮರುದಿನ ಬೆಳಗಿನ ಸೊಪ್ಪು ಹಾಕಿ, ಬಟ್ಟೆ ಬದಲಿಸಿ, ಚೀಲ ಹಿಡಿದು ಬಸ್ಸಿಗೆ ನಿಂತಳು. ಬಸ್ಸು ಬಂತು. "ಹತ್ತಮ್ಮಾ, ಬೇಗ" ಎಂದು ಕಂಡಕ್ಟರ್ ಎರಡು ಸಲ ಕೂಗಿದ. ಅವಳ ಕಾಲು ಮೇಲೇಳಲಿಲ್ಲ. ಮನೆಗೆ ಬಂದು, ಚೀಲವನ್ನು ಬಿಚ್ಚದೆಯೇ ಮೂಲೆಗಿಟ್ಟು ಹುಳುಮನೆಗೆ ಹೋದಳು. ಒಳಗೆ ಅತ್ತಳು. ಅಲ್ಲಿಗೆ ಬೇರೆ ಯಾರೂ ಬರುವಂತಿರಲಿಲ್ಲ.

ಮುಂದಿನ ಸಲ ಕೇಂದ್ರದವನಿಗೆ ಹೇಳಿನೋಡಿದಳು: "ನಂಗೆ ಊರಿನವರಿಗಿಂತ ಹತ್ತು ದಿನ ತಡವಾಗಿ ಕೊಡಿ."

"ನಿಮ್ಮೊಬ್ಬರಿಗೋಸ್ಕರ ಗಾಡಿ ಬರಲ್ಲಮ್ಮಾ" ಎಂದು ಅವನು ನಕ್ಕ.

ಗುಣವಾದ ಮೇಲೆ ಅಕ್ಕ ತಾನೇ ಬಂದಳು, ಅರ್ಧ ಇಳಿದುಹೋಗಿದ್ದಳು. ಹೊರಗೆ ಜಾಲರಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಳು. ಒಳಗೆ ತಂಗಿ ರೆಂಬೆ ಹರಡುತ್ತಲೇ ಮಾತಾಡಿದಳು.

"ಯಾವಾಗ ಮುಗಿಯುತ್ತೇ ಇದು?"

"ಇದಾ? ಇನ್ನು ನಾಲ್ಕು ದಿನ."

"ಆಮೇಲೆ?"

ತಂಗಿ ಇನ್ನೊಂದು ಹೊರೆ ಬಿಚ್ಚಿದಳು. ಸಂಜೆ ಅಕ್ಕನನ್ನು ಬಸ್ಸು ಹತ್ತಿಸಲು ಗಂಡ ಹೋದ.